ಇಪ್ಪತ್ತೊಂಬತ್ತನೆಯ ಪುಟ

ಈಸ್ಟರ್ ರಜೆ ಬಂತೆಂದರೆ ನಮ್ಮ ನಾರ್ವೆಯಲ್ಲಿ
ಎಲ್ಲರಿಗೂ ಒಂದೊಂದು ಹೆಣ ಬೇಕು.
ಹಾಲಿನ ರಟ್ಟಿನ ಡಬ್ಬದ ಮೇಲೂ ಕೊಲೆಯ ಕಥೆ.
ಬೆಳಗಿನ ಕಾಫಿಗೆ ಹಾಲು ಬಗ್ಗಿಸುತ್ತಾ
ಕೊಂದವರು ಯಾರೆಂದು ಡಬ್ಬ ತಿರುಗಿಸಿ ನೋಡುತ್ತೇನೆ,
ಮೇಜೆಲ್ಲ ಹಾಲು.

ಐಲರ್ಟ್ ಒರೆಸುತ್ತಾನೆ, ಮಾತಾಡದೆ.
ಅವನ ಮಾತೆಲ್ಲ ಶನಿವಾರ ರಾತ್ರಿಗೆ ಮೀಸಲು.
ಟೀವಿಯಲ್ಲಿ ಇಂಗ್ಲಿಷರ ಪತ್ತೇದಾರಿ ಶುರುವಾಗಿ
ಹತ್ತು ನಿಮಿಷಕ್ಕೆಲ್ಲ
"ಆ ಪಾದ್ರಿಯೇ" ಅನ್ನುತ್ತಾನೆ.
ಹೇಗೆ ಗೊತ್ತು?
"ಅಷ್ಟು ದೊಡ್ಡ ನಟನನ್ನು
ಬರೀ ಮೇಣದಬತ್ತಿ ಹಚ್ಚಲು ಕರೆಸುತ್ತಾರೇನೆ?"
ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ
ನನಗೆ ಕೊಲೆಯ ಯೋಚನೆ ಬಂದದ್ದು
ಇಂಥ ರಾತ್ರಿಗಳಲ್ಲೇ.

ನನ್ನ ಅನುಮಾನಗಳು ಬೇರೆ.
ಕತ್ತಲ ಮನೆಗೆ ನುಗ್ಗಿದ ಪೊಲೀಸರು
ದೀಪ ಯಾಕೆ ಹಾಕುವುದಿಲ್ಲ?
ಬಡಿಸಿದ್ದನ್ನು ಒಬ್ಬರೂ ಯಾಕೆ ಉಣ್ಣುವುದಿಲ್ಲ?
ಫೋನು ಬಂತು, ಕೋಟು ಹಾಕಿಕೊಂಡರು, ಹೊರಟರು,
ಆ ಬಿಸಿ ಆಲೂಗಡ್ಡೆಯ ಗತಿ?
ನಾಯಿ ಸುತ್ತಾಡಿಸುವವರಿಗೇ ಹೆಣ ಸಿಗುವುದಾದರೆ
ಹನ್ನೊಂದು ವರ್ಷ ಬಾಮ್ಸೆಯ ಹಿಂದೆ
ದಡ ಸವೆಸಿದ ನನಗೆ ಸಿಕ್ಕಿದ್ದು
ಒಂಟಿ ರಬ್ಬರ್ ಬೂಟು.
ಅದೂ ಖಾಲಿ. ಬಗ್ಗಿ ನೋಡಿದೆ, ಸುಳ್ಳೇಕೆ.

ನಮ್ಮ ದ್ವೀಪದಲ್ಲಿ ಸಾಯುವುದು ಕಾಡ್ ಮೀನು.
ಅದನ್ನು ತೂಗಿ ಲೆಕ್ಕ ಬರೆಯುವುದು ನನ್ನ ಕೆಲಸ.
ನಾನು ಕಂಡ ಅಪರಾಧ ಒಂದೇ,
ದೋಣಿಯ ಇಂಜಿನ್ ಒಂದು ಕಳುವಾಯಿತು.
ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ
ಹೊಗ್ನೆ ಆ ಭಾನುವಾರ ಚರ್ಚಿಗೆ ಬರಲಿಲ್ಲ.
ಸೋಮವಾರ ಇಂಜಿನ್ ವಾಪಸಾಗಿತ್ತು,
ಎಣ್ಣೆ ತುಂಬಿಸಿ.
ಇದನ್ನು ಯಾರು ಕಾದಂಬರಿ ಮಾಡುತ್ತಾರೆ?

ಆದರೂ ಒಬ್ಬರ ಜಾಡು ನನಗೆ ಸಿಕ್ಕಿತ್ತು.
ಶಾಲೆಯ ಹಿಂದಿನ ಪುಟ್ಟ ಗ್ರಂಥಾಲಯದಿಂದ
ತಂದ ಪ್ರತಿ ಕೊಲೆಯ ಪುಸ್ತಕದಲ್ಲೂ
ಇಪ್ಪತ್ತೊಂಬತ್ತನೆಯ ಪುಟದ ಅಂಚಿನಲ್ಲಿ
ಪೆನ್ಸಿಲಿನ ಒಂದು ಸೊನ್ನೆ.
ಸಾಸಿವೆಯಷ್ಟು.
ಓದಿ ಮರೆತದ್ದನ್ನೇ ಮತ್ತೆ ಹೊತ್ತೊಯ್ಯದಿರಲು
ಯಾರೋ ಇಟ್ಟುಕೊಂಡ ಗುರುತು.
ಕಥೆ ಮುಗಿದ ಮೇಲೆ ಹಿಂದಿರುಗಿ ಹಾಕಿದ್ದೇ ಇರಬೇಕು:
ವಿಷದ ಕಥೆಯಾದರೆ ಸೊನ್ನೆ ದುಂಡಗೆ, ನಿಧಾನ;
ಮಗುವೊಂದು ಸತ್ತ ಕಥೆಯಲ್ಲಿ
ಒತ್ತಿ ಒತ್ತಿ ಕಾಗದ ತೂತು.

ಯಾರಿರಬಹುದು?
ಹಡಗುಕಟ್ಟೆಯಲ್ಲಿ ಸಿಕ್ಕವರ ಬೆರಳೆಲ್ಲ ನೋಡಿದೆ.
ಅಂಚೆಯ ಗುನ್‌ವೋರ್? ಅವಳು ಪೆನ್ನಿನವಳು.
"ಪಾದ್ರಿಯೇ" ಅಂದ ಐಲರ್ಟ್, ತಲೆಯೆತ್ತದೆ.
ಗ್ರಂಥಪಾಲಕಿ ಸಿಗ್ನಿಯನ್ನು ಕೇಳಿದರೆ
ಓದುಗರ ಗುಟ್ಟು ಎಂದು ಬಾಯಿಗೆ ಬೀಗ.
ಬಿಟ್ಟೆ. ನಿಜ ಹೇಳಬೇಕೆಂದರೆ
ಪತ್ತೆಯಾಗುವುದು ನನಗೂ ಬೇಕಿರಲಿಲ್ಲ.
ನನಗಿಂತ ಒಂದು ಪುಸ್ತಕ ಮುಂದೆ
ಯಾರೋ ಟಾರ್ಚು ಹಿಡಿದು ನಡೆಯುತ್ತಿದ್ದರು,
ಅಷ್ಟು ಸಾಕಿತ್ತು.

ಈ ಸಲ ಹೊಸ ಪುಸ್ತಕ ಐದು ಬಂದವು.
ಮೊದಲನೆಯದರ ಇಪ್ಪತ್ತೊಂಬತ್ತನೆಯ ಪುಟ ಬರಿದು.
ಎರಡನೆಯದೂ ಬರಿದು. ಮೂರನೆಯದನ್ನು
ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ.
ಹಿಮ ಕರಗುವ ಮುನ್ನ ದ್ವೀಪದಲ್ಲಿ ತೀರಿಕೊಂಡವರು ಮೂವರು,
ಮೂವರೂ ಹಾಸಿಗೆಯಲ್ಲೇ, ಅನುಮಾನಕ್ಕೆ ಎಡೆಯಿಲ್ಲ.
ಮೂವರ ಮಣ್ಣಿಗೂ ಹೋಗಿದ್ದೆ,
ಕೇಕು ತಿಂದು, ಹವೆಯ ಮಾತಾಡಿ ಬಂದಿದ್ದೆ.
ಅವರಲ್ಲೊಬ್ಬರೋ,
ಇಲ್ಲ, ಎಲ್ಲೋ ಇದ್ದಾರೆ, ಕಣ್ಣು ಮಂಜಾಗಿ
ಓದುವುದನ್ನೇ ಬಿಟ್ಟರೋ?

ಐಲರ್ಟನನ್ನು ಕೇಳಿದೆ.
ಹತ್ತು ನಿಮಿಷವಾಯಿತು. ಅವನು ಯಾರ ಹೆಸರೂ ಹೇಳಲಿಲ್ಲ.
ಕಿತ್ತಳೆ ಸುಲಿದು ಅರ್ಧ ನನ್ನ ಕೈಗಿಟ್ಟ.

ಪುಟ ಬಿಡಿಸಿಯೇ ಇದೆ. ಪೆನ್ಸಿಲು ಹತ್ತಿರದಲ್ಲೇ,
ಅಂಗಡಿಯ ಚೀಟಿಯ ಮೇಲೆ.
ಇರಲಿ,
ಮೊದಲು ಓದಿ ಮುಗಿಸುತ್ತೇನೆ.